ಅನ್ನ ಬಿಟ್ಟ ಮನೋರಮಕ್ಕ

ನನ್ನ ಅಕ್ಕ ಮನೋರಮಾ ಮುರಿದ ರೊಟ್ಟಿಯನ್ನು ಬಿಸಾಡಿದ್ದನ್ನು ನಾನು ಈ ಜನ್ಮದಲ್ಲಿ ನೋಡಿಲ್ಲ. ಕಾರ್ಕಳದ ಪಕ್ಕ ಕುಕ್ಕುಂದೂರಿನಲ್ಲಿ ಅವಳ ಮನೆ. ಕೋಳಿ ಸಾರು ಸುರಿದುಕೊಂಡು ತಿನ್ನುವ ಗರಿಗರಿ ಅಕ್ಕಿ ರೊಟ್ಟಿಯನ್ನು ಇಪ್ಪತ್ತೆರಡು ವರ್ಷಗಳಿಂದ ಮನೆಯ ಹಿಂದಿನ ಶೀಟಿನ ಚಾವಣಿಯಡಿ ಮಾಡಿ ಅಂಗಡಿಗಳಿಗೆ ಕೊಡುತ್ತಾಳೆ. ಗಂಡ ದೂಮಪ್ಪ ಬಾವ ಬೆನ್ನು ನೋವೆಂದು ಕೆಲಸ ಬಿಟ್ಟ ಮೇಲೆ ಆ ಸಂಸಾರ ನಿಂತದ್ದೇ ಈ ರೊಟ್ಟಿಯ ಮೇಲೆ. ಕಾವಲಿಯಿಂದ ಏಳಿಸುವಾಗ ಹತ್ತರಲ್ಲಿ ಒಂದು ಮುರಿಯುತ್ತದೆ. ಮುರಿದದ್ದನ್ನು ಅಂಗಡಿಯವರು ಮುಟ್ಟುವುದಿಲ್ಲ. ಅದು ನೇರ ಅಕ್ಕನ ಬಾಯಿಗೆ. ಕೇಳಿದರೆ, "ಅದು ತಿಂದದ್ದಲ್ಲ ಮಾರಾಯ, ಉಪ್ಪು ನೋಡಿದ್ದು," ಎನ್ನುತ್ತಾಳೆ.

ಹೆಣ್ಣುಮಗಳ ತುತ್ತು ಎಣಿಸುವ ದರಿದ್ರ ಬುದ್ಧಿ ನನಗೆ ಮೊದಲು ಇರಲಿಲ್ಲ. ಬಂದದ್ದು ಈ ವರ್ಷ. ನನ್ನ ಎರಡೂ ಕಿಡ್ನಿ ಕೈಕೊಟ್ಟಿವೆ. ಕಾಪುವಿನಲ್ಲಿ ಫ್ಯಾನು, ಮಿಕ್ಸಿ ರಿಪೇರಿಯ ಅಂಗಡಿ ಇಟ್ಟವನು ನಾನು. ವಾರಕ್ಕೆ ಮೂರು ದಿನ ಬಾಗಿಲು ಹಾಕಿ ಉಡುಪಿಗೆ ಡಯಾಲಿಸಿಸ್‌ಗೆ ಓಡಬೇಕು. ದಿನಕ್ಕೆ ಒಂದೇ ಲೀಟರ್ ನೀರು, ಅದರಲ್ಲೇ ಚಾ, ಅದರಲ್ಲೇ ಮಾತ್ರೆ. ಮೈಯೆಲ್ಲ ತುರಿಕೆ. ಕಾಲು ಒಂದು ಕಡೆ ನಿಲ್ಲುವುದಿಲ್ಲ. ಕೂತರೆ ನಡೆಯಬೇಕು, ನಡೆದರೆ ಕೂರಬೇಕು. ಹೆಂಡತಿ ವಿಜೇತಾಳ ಕಿಡ್ನಿ ಹೊಂದಲಿಲ್ಲ. ಅಕ್ಕನದು ಹೊಂದಿತು.

ಆದರೆ ಮಣಿಪಾಲದ ಡಾಕ್ಟರು ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ತಲೆ ಅಲ್ಲಾಡಿಸಿದರು. ಎಂಬತ್ತೊಂದು ಕಿಲೋ. ಮೂರು ತಿಂಗಳಲ್ಲಿ ಎಪ್ಪತ್ತೆರಡಕ್ಕೆ ಇಳಿಯಬೇಕು, ಇಲ್ಲದಿದ್ದರೆ ಕಿಡ್ನಿ ತೆಗೆಯುವುದು ಅವಳಿಗೇ ಅಪಾಯ ಎಂದರು. ಆಹಾರದ ಬಗ್ಗೆ ಹೇಳಿಕೊಡುವ ಡೈನಾ ಎಂಬವರು ಒಂದು ಹಾಳೆ ಕೊಟ್ಟು, ಓದಿ ಬನ್ನಿ, ಸಂಶಯ ಇದ್ದರೆ ಫೋನ್ ಮಾಡಿ ಎಂದರು. ಅಕ್ಕ ಹಾಳೆಯನ್ನು ನಾಲ್ಕು ಮಡಿಸಿ ರೇಷನ್ ಕಾರ್ಡಿನ ಡಬ್ಬಿಗೆ ಹಾಕಿದಳು.

"ಓದಲಿಕ್ಕೆ ಎಂತ ಉಂಟು? ಅನ್ನ ಬಿಡಬೇಕು, ಅಷ್ಟೇ ಅಲ್ವಾ? ಶನಿವಾರ ಒಪ್ಪೊತ್ತು ಮಾಡುವವಳಿಗೆ ಇದೆಲ್ಲ ಒಂದು ಕಷ್ಟವಾ?"

ಒಂದು ತಿಂಗಳು ಅವಳು ಅನ್ನ ಮುಟ್ಟಲಿಲ್ಲ. ಊರೆಲ್ಲ ಸುದ್ದಿ. ತಮ್ಮನಿಗಾಗಿ ಮನೋರಮಕ್ಕ ಅನ್ನ ಬಿಟ್ಟಿದ್ದಾಳಂತೆ! ತಿಂಗಳು ಕಳೆದು ತೂಕ ನೋಡಿದರೆ ಎಂಬತ್ತು ಕಿಲೋ ಇನ್ನೂರು ಗ್ರಾಂ.

ಮಣಿಪಾಲದ ಬಸ್‌ಸ್ಟ್ಯಾಂಡಿನಲ್ಲಿ, ನಾಲ್ಕು ಜನರ ಎದುರು, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ಕೊಡಲಿಕ್ಕೆ ಮನಸ್ಸಿಲ್ಲದಿದ್ದರೆ ಬಾಯಿ ಬಿಟ್ಟು ಹೇಳು ಅಕ್ಕ. ಹೀಗೆ ತಿಂದು ತಿಂದು ತಪ್ಪಿಸಿಕೊಳ್ಳಬೇಡ."

ಕಾರ್ಕಳದ ಬಸ್ಸು ಬಂತು, ಅಕ್ಕ ಹತ್ತಿ ಹೋದಳು.

ಆ ವಾರವಿಡೀ ನನಗೆ ನೆಮ್ಮದಿ ಇಲ್ಲ. ಬಿಚ್ಚಿದ ಮಿಕ್ಸಿಯನ್ನು ಜೋಡಿಸಿ, ಸ್ಕ್ರೂ ಒಂದು ಹೊರಗೇ ಉಳಿದು, ಮತ್ತೆ ಬಿಚ್ಚುವುದು. ಭಾನುವಾರ ಬೆಳಿಗ್ಗೆ ಪಡುಬಿದ್ರಿಗೆ ಹೋಗಿ, ಅಲ್ಲಿಂದ ಬಸ್ಸು ಬದಲಿಸಿ, ಹೇಳದೆ ಕೇಳದೆ ಕುಕ್ಕುಂದೂರಿಗೆ ಹೋದೆ. ಕ್ಷಮೆ ಕೇಳಲಿಕ್ಕೆ ಎಂದು ಸುಳ್ಳು ಹೇಳುವುದಿಲ್ಲ. ಅವಳನ್ನು ಹಿಡಿಯಲಿಕ್ಕೇ ಹೋದದ್ದು. ಮೇ ತಿಂಗಳ ಸೆಕೆ, ಬಾಯಿ ಒಣಗಿ ನಾಲಿಗೆ ಅಂಟುತ್ತಿತ್ತು. ಅಡಿಗೆಮನೆಗೆ ನುಗ್ಗಿ ನೀರು ಕೇಳಿದೆ. ಅಕ್ಕ ತುಂಬಿದ ಚೆಂಬು ಕೊಟ್ಟಳು. ಎರಡು ಗುಟುಕು ಕುಡಿದು ಚೆಂಬನ್ನು ಅವಳ ಕೈಗೇ ಕೊಟ್ಟೆ. ಆ ದಿನದ ಪಾಲಿನಲ್ಲಿ ರಾತ್ರಿಗೂ ಉಳಿಸಬೇಕಿತ್ತು.

ಆಮೇಲೆ ಅವಳ ಬಟ್ಟಲು ನೋಡಿದೆ. ಹಬೆಯಲ್ಲಿ ಬೇಯಿಸಿದ ಆರು ಪುಂಡಿ ಉಂಡೆ, ಮೇಲೆ ಬಂಗುಡೆ ಮೀನಿನ ಸಾರು.

"ಇದು ಎಂತದು?"

"ಪುಂಡಿ. ಅನ್ನ ಮುಟ್ಟಲಿಲ್ಲ, ದೇವರಾಣೆ."

"ಪುಂಡಿ ಎಂತದರಲ್ಲಿ ಮಾಡುವುದು ಅಕ್ಕ?"

"ಅಕ್ಕಿ..." ಎಂದವಳು ಅಲ್ಲಿಗೇ ನಿಂತಳು. "ಹೋ!"

ಬೆಳಿಗ್ಗೆ ನೀರುದೋಸೆ, ಮಧ್ಯಾಹ್ನ ಪುಂಡಿ ಇಲ್ಲವೇ ಒತ್ತು ಶಾವಿಗೆ, ಸಂಜೆ ಒಗ್ಗರಣೆ ಅವಲಕ್ಕಿ. ನಡುವೆ ಉಪ್ಪು ನೋಡಿದ ರೊಟ್ಟಿ. ಒಪ್ಪೊತ್ತಿನ ದಿನ ನಮ್ಮಲ್ಲಿ ಅನ್ನ ಮಾತ್ರ ಬಿಡುವುದು, ಫಲಾಹಾರಕ್ಕೆ ಲೆಕ್ಕವಿಲ್ಲ. ಅಕ್ಕ ಡಾಕ್ಟರರ ಮಾತನ್ನೂ ಒಪ್ಪೊತ್ತು ಮಾಡಿಬಿಟ್ಟಿದ್ದಳು. ನಗಬೇಕೋ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಪಾಪದವಳ ಮೇಲೆ ಸಂಶಯಪಟ್ಟೆನಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಮರುದಿನವೇ ಅವಳನ್ನು ಡೈನಾ ಹತ್ತಿರ ಕರೆದುಕೊಂಡು ಹೋದೆ. ಡೈನಾ ನಕ್ಕುಬಿಟ್ಟರು. "ನಮ್ಮ ಅಮ್ಮನೂ ಹೀಗೇ, ಇಡ್ಲಿ ಅಕ್ಕಿಯದ್ದೇ ಅಲ್ಲ ಅಂತ ವಾದ ಮಾಡ್ತಾರೆ. ಒಂದೊಂದೇ ಕೇಳಿ ಅಮ್ಮ, ಹೇಳ್ತೇನೆ."

"ಪತ್ರೊಡೆ?"

"ಅದರಲ್ಲಿ ಅಕ್ಕಿ ಉಂಟು. ಬೇಡ."

"ಹಲಸಿನ ಹಣ್ಣು?"

"ಬೇಡ."

"ಹಲಸಿನ ಬೀಜ?"

"ಅದೂ ಬೇಡ."

"ತೆಂಗಿನಕಾಯಿಯೂ ಬೇಡ ಅಂತ ಹೇಳಿಬಿಡಿ, ಸತ್ತೇ ಹೋಗ್ತೇನೆ."

"ತೆಂಗಿನಕಾಯಿ ಸ್ವಲ್ಪ ಆಗಬಹುದು. ಮೀನು, ಮೊಟ್ಟೆ, ಕೋಳಿ ಧಾರಾಳ. ಹರಿವೆ, ಬಸಳೆ, ತೊಂಡೆಕಾಯಿ, ಸೌತೆ, ಮಜ್ಜಿಗೆ ಎಲ್ಲ ಆಗ್ತದೆ. ಎಣ್ಣೆಯಲ್ಲಿ ಮುಳುಗಿಸಬೇಡಿ ಅಷ್ಟೇ."

"ಅಲ್ಲ ಮೇಡಂ, ಮೀನು ಸಾರನ್ನು ಎಂತದಕ್ಕೆ ಹಾಕಿ ತಿನ್ನುವುದು? ಬರೀ ಸಾರು ನೆಕ್ಕಲಿಕ್ಕೆ ನಾನು ಬೆಕ್ಕಾ?"

ಡೈನಾ ತಮ್ಮ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದರು. ಕೊನೆಗೆ ಕೇಬೇಜನ್ನು ಸಣ್ಣಗೆ ಹೆಚ್ಚಿ ಬೇಯಿಸಿ ಅದರ ಮೇಲೆ ಸುರಿಯಿರಿ ಎಂದರು. ಅಕ್ಕ ಕೇಬೇಜನ್ನು ಹುಟ್ಟಿದಂದಿನಿಂದ ದ್ವೇಷಿಸಿದವಳು.

ಮುಂದಿನ ಎರಡು ತಿಂಗಳು ನಾವಿಬ್ಬರೂ ನೆಟ್ಟಗೆ ಉಸಿರಾಡಲಿಲ್ಲ. ಬೆಳಿಗ್ಗೆ ಎರಡು ಮೊಟ್ಟೆ, ಮಧ್ಯಾಹ್ನ ಕೇಬೇಜಿನ ಮೇಲೆ ಬೂತಾಯಿ ಮೀನಿನ ಸಾರು, ಸಂಜೆ ಪಲ್ಯ, ಮಜ್ಜಿಗೆ, ಮತ್ತೆ ಒಂದು ಗಂಟೆ ನಡಿಗೆ. ಮೊದಲ ವಾರ ತಲೆನೋವು, ಸಿಟ್ಟು. ದೂಮಪ್ಪ ಬಾವ ಎದುರು ಕೂತು ಗಂಜಿ ಊಟ ಮಾಡಿದ್ದಕ್ಕೆ ಸೌಟು ಎಸೆದಳಂತೆ. ಅವರು ಅಂದಿನಿಂದ ಬಟ್ಟಲು ಹಿಡಿದುಕೊಂಡು ಬಾವಿಕಟ್ಟೆಗೆ ಹೋಗತೊಡಗಿದರು. ರೊಟ್ಟಿ ಮಾಡುವಾಗ ಬಾಯಿಗೆ ಬೈರಾಸು ಬಟ್ಟೆ ಬಿಗಿದು ಕಟ್ಟಿಕೊಳ್ಳುತ್ತಿದ್ದಳು. ಧೂಳಿಗೆ ಹೆದರಿ ಅಲ್ಲ, ಕೈ ತಾನಾಗಿ ಬಾಯಿಗೆ ಹೋಗುತ್ತದೆ ಎಂದು. ಮುರಿದ ಚೂರುಗಳನ್ನು ಬಿಸ್ಕಿಟ್ ಡಬ್ಬಿಗೆ ತುಂಬಿಸಿ ಮುಚ್ಚಳ ಹಾಕಿದಳು. ಡಬ್ಬಿ ಒಂದರಿಂದ ಮೂರಾಯಿತು.

ಒಂದು ಮಧ್ಯಾಹ್ನ ನಾನು ಡಯಾಲಿಸಿಸ್‌ನ ಮಂಚದಲ್ಲಿದ್ದಾಗ ಫೋನು ಬಂತು.

"ವಿಠಲ, ಕುಚ್ಚಲಕ್ಕಿ ಬೇಯುವ ಪರಿಮಳ ಬರ್ತಾ ಉಂಟು. ಒಂದು ಹಿಡಿ ಅನ್ನ ತಿಂದರೆ ಎಂತ ಆಗ್ತದೆ?"

ಬೇಡ ಅಕ್ಕ, ನನ್ನ ಜೀವ ಹೋಗ್ತದೆ ಎಂದು ಕಿರುಚಬೇಕೆನಿಸಿತು. ಸ್ವಾರ್ಥಿ ಬಾಯಿಯನ್ನು ಕಷ್ಟಪಟ್ಟು ಅದುಮಿ, "ತಿನ್ನು ಅಕ್ಕ, ಒಂದು ಹಿಡಿಗೆ ಎಂತ ಆಗುವುದಿಲ್ಲ," ಎಂದೆ.

"ಥೂ, ನಿನ್ನ ಹತ್ತಿರ ಕೇಳಿದ್ದಲ್ಲ, ಸುಮ್ಮನೆ ಹೇಳಿಕೊಂಡದ್ದು," ಎಂದು ಇಟ್ಟುಬಿಟ್ಟಳು. ತಿಂದಳೋ ಇಲ್ಲವೋ ಎಂದು ನಾಲ್ಕು ದಿನ ಚಡಪಡಿಸಿದೆ.

ಜುಲೈ ಕೊನೆಯ ಸೋಮವಾರ ಕೊನೆಯ ತೂಕ. ಅಕ್ಕನ ರವಿಕೆ ಎರಡು ಸಲ ಹಿಡಿಸಿಯೂ ಸಡಿಲ. ಚಪ್ಪಲಿ ಬಿಟ್ಟಳು, ಬಳೆ ಬಿಚ್ಚಿದಳು, ಕಣ್ಣು ಮುಚ್ಚಿ ಯಂತ್ರದ ಮೇಲೆ ನಿಂತಳು. ನಾನು ಗೋಡೆ ಹಿಡಿದುಕೊಂಡೆ. ಎಪ್ಪತ್ತೊಂದು ಕಿಲೋ ಎಂಟುನೂರು. ಡಾಕ್ಟರು ಆಗಬಹುದು ಎಂದರು. ಡೈನಾ ಚಪ್ಪಾಳೆ ತಟ್ಟಿದರು.

ಹೊರಗೆ ಬೆಂಚಿನಲ್ಲಿ ಕೂತೆವು. ನನಗೆ ಅಳು ಒತ್ತಿ ಬಂತು. "ಅವತ್ತು ಬಸ್‌ಸ್ಟ್ಯಾಂಡಿನಲ್ಲಿ ಹೇಳಬಾರದ್ದು ಹೇಳಿದೆ ಅಕ್ಕ. ನಿನಗೆ ಗೊತ್ತಿಲ್ಲದೆ ಆದ ತಪ್ಪು. ನನ್ನ ನಾಲಿಗೆಗೆ ಹುಳ ಬೀಳಲಿ."

ಅಕ್ಕ ಬಳೆಗಳನ್ನು ಒಂದೊಂದಾಗಿ ತೊಡುತ್ತಿದ್ದಳು. ತಲೆ ಎತ್ತಲಿಲ್ಲ.

"ಇಪ್ಪತ್ತೆರಡು ವರ್ಷ ಅಕ್ಕಿ ಅರೆದವಳಿಗೆ ಪುಂಡಿ ಅಕ್ಕಿಯದ್ದು ಅಂತ ಗೊತ್ತಿರುವುದಿಲ್ವಾ ಮಾರಾಯ?"

ಅವಳು ಇನ್ನೊಂದು ಬಳೆ ಕೈಗೆ ಏರಿಸಿದಳು.

"ಹೆದರಿಕೆ ಇತ್ತು. ಹೊಟ್ಟೆ ಕೊಯ್ಯುತ್ತಾರಲ್ಲ ಅಂತ. ಬೇಡ ಅಂತ ಹೇಳಲಿಕ್ಕೆ ಬಾಯಿ ಬರಲಿಲ್ಲ. ಅನ್ನ ಬಿಟ್ಟ ಹೆಸರೂ ಆಗಲಿ, ತೂಕವೂ ಇಳಿಯದಿರಲಿ ಅಂತ ಇದ್ದೆ. ಎಂಬತ್ತು ಅಂದಾಗ ಒಳಗೆ ಸಮಾಧಾನವೇ ಆಯಿತು. ನೀನು ಬೈದದ್ದು ಸುಳ್ಳಲ್ಲ."

"ಮತ್ತೆ ಯಾಕೆ ಇಳಿಸಿದೆ?"

"ಆ ಭಾನುವಾರ ನೀನು ಅಷ್ಟು ಸೆಕೆಯಲ್ಲಿ ಬಂದೆ. ನಾನು ತುಂಬಿದ ಚೆಂಬು ಕೊಟ್ಟೆ. ಎರಡು ಗುಟುಕು ಕುಡಿದು ವಾಪಸು ಕೊಟ್ಟೆಯಲ್ಲ ನೀನು. ಚಿಕ್ಕವನಿರುವಾಗ ಬಾವಿಯಿಂದ ಎತ್ತಿದ ಕೊಡಪಾನಕ್ಕೇ ಬಾಯಿ ಹಾಕುತ್ತಿದ್ದವನು. ಆಮೇಲೆ ಆ ಪುಂಡಿ ನನಗೆ ಗಂಟಲಲ್ಲಿ ಇಳಿಯಲಿಲ್ಲ."

ಕೊನೆಯ ಬಳೆ ತೊಟ್ಟು ಎದ್ದಳು. ಸೆರಗಿನಿಂದ ನನ್ನ ಮುಖ ಒರೆಸಿದಳು.

"ಹೆದರಿಕೆ ಈಗಲೂ ಉಂಟು. ಆಪರೇಷನ್ ಆಗಲಿ. ನೀನು ನನ್ನ ಎದುರು ಕೂತು ಒಂದು ಚೆಂಬು ನೀರು ಪೂರ್ತಿ ಕುಡಿ. ನಾನು ಆ ಮೂರು ಡಬ್ಬಿಯ ಚೂರು ತಿನ್ತೇನೆ. ಆಗ ಮಾತ್ರ ನನ್ನ ತುತ್ತು ಎಣಿಸಬೇಡ, ಆಯ್ತಾ?"