ತರಬೇತಿಗೆ ಹೋದವರ ಕುರ್ಚಿಯಲ್ಲಿ ಭಾಮೈದ

ಸ್ನೇಹಿತರೇ, ಇವತ್ತು ಬೆಳಿಗ್ಗೆ ಕೂಡ್ಲಿಗಿಯಲ್ಲಿ ನಮ್ಮ ಓಣಿಯ ಮೆಡಿಕಲ್ ಶಾಪಿನವರು ಪಕ್ಕದ ಮನೆಯ ರುದ್ರಮ್ಮನವರಿಗೆ ಬಿ.ಪಿ. ಗುಳಿಗೆಯ ಬದಲು ಸಕ್ಕರೆ ಕಾಯಿಲೆಯ ಗುಳಿಗೆ ಕೊಟ್ಟರು. ಅವರಿಗೆ ಸಕ್ಕರೆ ಕಾಯಿಲೆ ಇಲ್ಲ. ನುಂಗಿದ್ದರೆ ತಲೆ ತಿರುಗಿ ಎಲ್ಲಿ ಬೀಳುತ್ತಿದ್ದರೋ.

ಕೊಟ್ಟವನು ಕೊಟ್ರೇಶ, ಅಂಗಡಿಯ ಯಜಮಾನರ ಭಾಮೈದ. ಅವನದು ಬಸ್ ನಿಲ್ದಾಣದ ಹತ್ತಿರ ಗೊಬ್ಬರದ ಅಂಗಡಿ. ರುದ್ರಮ್ಮ ತಂದಿದ್ದ ಗುಳಿಗೆಯ ಖಾಲಿ ಶೀಟಿನ ಮೇಲಿನ ಹೆಸರು ಓದದೆ, ಶೀಟಿನ ಬಣ್ಣ ಹೊಂದಿಸಿ ಕೊಟ್ಟಿದ್ದ. ಜೊತೆಗಿದ್ದ ನಾನು ಓದಿ ತಡೆದೆ.

"ಇದು ಸಕ್ಕರಿ ಗುಳಿಗಿ ಐತಲ್ಲೋ ಕೊಟ್ರೇಶ."

"ಎರಡೂ ಶೀಟು ಬಿಳೀವು ಅದಾವ್ರಿ ಸರ್."

"ನಿನ್ನ ಅಂಗಡ್ಯಾಗ ಯೂರಿಯಾನೂ ಬಿಳೀದೇ ಐತಿ. ಅದನ್ನ ಕೊಡ್ತೀಯೇನು?"

ರುದ್ರಮ್ಮ ನಕ್ಕರು. "ಕೊಡ್ಲಿ ಬಿಡ್ರಿ, ಇನ್ನೊಂದು ಗೇಣು ಬೆಳೀತೀನಿ."

"ನಿಮ್ಮ ಭಾವ ಎಲ್ಲಿ?" ಎಂದು ಕೇಳಿದೆ.

"ಹೊಸಪೇಟಿಗೆ ಟ್ರೇನಿಂಗಿಗೆ ಹೋಗ್ಯಾರ್ರಿ."

"ಏನು ಹೇಳಿಕೊಡ್ತಾರಂತೆ?"

"ಫಾರ್ಮಸಿಸ್ಟ್ ಇಲ್ದಾಗ ಬ್ಯಾರೇದವರು ಗುಳಿಗಿ ಕೊಡಬಾರದು ಅಂತ ಹೇಳ್ತಾರಂತ್ರಿ."

ಹೇಳುತ್ತಲೇ ಅವನು ಇನ್ನೊಬ್ಬರಿಗೆ ಕೆಮ್ಮಿನ ಔಷಧ ಕೊಟ್ಟ.

ಹೋದ ವರ್ಷದ ತರಬೇತಿಯ ದಿನವೂ ಆ ಕುರ್ಚಿಯಲ್ಲಿ ಇವನೇ ಕೂತಿದ್ದ. ನನಗೆ ನೆನಪಿದೆ.

ಯಜಮಾನರೇ, ನೀವು ಕಲಿಯುವುದು ಒಳ್ಳೆಯದೇ, ನಮಗೂ ಬೇಕು. ಆದರೆ ನೀವು ಕಲಿಯಲು ಹೋದ ದಿನ ಅಂಗಡಿಗೆ ಬೀಗ ಹಾಕಬೇಕೋ, ಇನ್ನೊಬ್ಬ ಫಾರ್ಮಸಿಸ್ಟರನ್ನು ಕೂರಿಸಬೇಕೋ? ಈ ಪೋಸ್ಟಿನ ಕೆಳಗೆ, ಊರಿಗೆಲ್ಲ ಕಾಣುವಂತೆ ಉತ್ತರ ಬರೆಯಿರಿ. ಅದನ್ನಾದರೂ ಭಾಮೈದನ ಕೈಲಿ ಬರೆಸಬೇಡಿ.