ಕೋಳಿಗೆ ತಂದ ಹುಳಿಪುಡಿ

ಮೊನ್ನೆ ನನ್ನ ಹೆಂಡತಿ ತಾಮ್ರದ ನೀರಿನ ಬಾಟಲಿಯೊಂದನ್ನು ಕೊಂಡು ತಂದಳು. ಆರೋಗ್ಯಕ್ಕೆ ಒಳ್ಳೆಯದಂತೆ. ಅಷ್ಟಕ್ಕೇ ಬಿಟ್ಟಿದ್ದರೆ ನಾನು ಸುಮ್ಮನಿರುತ್ತಿದ್ದೆ. ಬಿಸಿಲು ಜಾಸ್ತಿ ಎಂದು ಅದರೊಳಗೆ ಎರಡು ನಿಂಬೆಹಣ್ಣು ಹಿಂಡಿದಳು. ನಾನು ಪೇಪರು ಬಿಸಾಕಿ ಓಡಿಹೋಗಿ ಬಾಟಲಿ ಕಸಿದುಕೊಂಡೆ. ಅವಳು ನನ್ನನ್ನು ನೋಡಿದ ನೋಟವನ್ನು ನೀವು ನೋಡಬೇಕಿತ್ತು. ತಪ್ಪು ಅವಳದಲ್ಲ. ಜಗಳೂರಿನ ಕೋಳಿಗಳ ವಿಷಯ ನಾನು ಯಾರಿಗೂ ಪೂರ್ತಿ ಹೇಳಿಲ್ಲ.

ಎಂಬತ್ತರ ದಶಕದ ಮಾತು. ರಸಾಯನಶಾಸ್ತ್ರದಲ್ಲಿ ಬಿಎಸ್ಸಿ ಮುಗಿಸಿ, ಹೊನ್ನಾಳಿಯ ನಮ್ಮ ಮನೆಯಲ್ಲಿ ಕೂತು, ಕೆಲಸಕ್ಕೆ ಅರ್ಜಿ ಹಾಕುವುದನ್ನೇ ಕೆಲಸ ಮಾಡಿಕೊಂಡಿದ್ದೆ. ಜಗಳೂರಿನಲ್ಲಿ ನಮ್ಮ ಭಾವ, ಅಕ್ಕನ ಗಂಡ, ತಮ್ಮ ಅಣ್ಣನ ಕಿರಾಣಿ ಅಂಗಡಿಯಲ್ಲಿ ಬೆಲ್ಲ ತೂಗಿ ತೂಗಿ ಸಾಕಾಗಿ, ಹಿತ್ತಲಲ್ಲಿ ಸಿಮೆಂಟ್ ಶೀಟಿನ ಶೆಡ್ಡು ಹಾಕಿ ಮುನ್ನೂರು ಬ್ರಾಯ್ಲರ್ ಮರಿ ತಂದಿದ್ದರು. ಇದು ಕೈಕೊಟ್ಟರೆ ಮತ್ತೆ ಅಂಗಡಿಗೇ ಬರಬೇಕು ಎಂದು ಅವರಣ್ಣ ತಕ್ಕಡಿಯನ್ನು ಒರೆಸಿ ಇಟ್ಟುಕೊಂಡಿದ್ದರಂತೆ.

ಬ್ರಾಯ್ಲರ್ ಕೋಳಿಯನ್ನು ನೀವು ಹತ್ತಿರದಿಂದ ನೋಡಿದ್ದೀರೋ ಇಲ್ಲವೋ. ನಾಟಿ ಕೋಳಿ ಬಿಸಿಲೇರಿದರೆ ಬೇಲಿಸಂದಿ ಹುಡುಕಿಕೊಳ್ಳುತ್ತದೆ. ಬ್ರಾಯ್ಲರಿಗೆ ಆ ಚಿಂತೆಯಿಲ್ಲ. ತಿಂದು ಕೂರುತ್ತದೆ, ಕೂತು ತಿನ್ನುತ್ತದೆ. ಆಗ ನಾನೂ ಹಾಗೇ ಇದ್ದುದರಿಂದ ಅವುಗಳ ಮೇಲೆ ನನಗೊಂದು ಬಗೆಯ ಅಕ್ಕರೆ.

ಏಪ್ರಿಲ್ ಬಂತು. ಜಗಳೂರಿನ ಬಿಸಿಲಿಗೆ ಕೋಳಿಗಳು ತೇಕತೊಡಗಿದವು. ಪಶುವೈದ್ಯರು ನೀರಿಗೆ ವಿಟಮಿನ್ ಸಿ ಪುಡಿ ಬೆರೆಸಿ ಎಂದರಂತೆ; ಅದನ್ನು ತರಲು ಭಾವ ನನಗೆ ಹೇಳಿಕಳಿಸಿದರು. ಪುಡಿಯ ಡಬ್ಬಿ ಹಿಡಿದು ಬಸ್ಸಿಳಿದ ನಾನು ಭಾವನಿಗೆ ಪಾಠ ಶುರುಮಾಡಿದೆ.

"ಸೆಖೆಗೆ ಕೋಳಿ ಮೈಯೊಳಗೆ ಒಂಥರಾ ತುಕ್ಕು ಹಿಡಿತೈತೆ ಭಾವ. ಈ ಪುಡಿ ಅದನ್ನ ತಡೀತೈತೆ."

"ಕೋಳಿಗೂ ತುಕ್ಕು ಹಿಡಿತೈತಾ?" ಎಂದರು ಭಾವ. "ಹಂಗಾರೆ ನೀನೂ ಒಂದು ಚಮಚ ತಗಳಪ್ಪ. ಪಾಸಾಗಿ ವರ್ಷ ಆತು."

ನಾನು ಪ್ಲಾಸ್ಟಿಕ್ ಬಕೀಟು ಕೇಳಿದೆ. ಅಕ್ಕ ಒಪ್ಪಲಿಲ್ಲ. "ಔಷಧಿ ಅಂದ್ಮ್ಯಾಲೆ ಕಂಡಕಂಡ ಬಕೀಟಲ್ಲಿ ಕಲಸಾಕೆ ಆಗ್ತೈತೇನೋ?" ಎಂದು, ಮದುವೆಯಲ್ಲಿ ಅವ್ವ ಕೊಟ್ಟಿದ್ದ ತಾಮ್ರದ ಹಂಡೆಯನ್ನೇ ಉರುಳಿಸಿಕೊಂಡು ಬಂದಳು. ಬಿಎಸ್ಸಿ ಪಾಸಾದವನು ಬಾಯಿ ಬಿಡಲಿಲ್ಲ. ದಿನಾ ಸಂಜೆ ಪುಡಿ ಕಲಸಿ, ರಾತ್ರಿಯೆಲ್ಲ ತಣ್ಣಗಾಗಲೆಂದು ಮುಚ್ಚಿಟ್ಟು, ಬೆಳಿಗ್ಗೆ ಕೋಳಿಗಳಿಗೆ ಹಾಕಿದೆ.

ಮೂರನೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ ಕರೆಂಟು ಹೋಯಿತು. ಫ್ಯಾನು ನಿಂತಿತು. ಶೆಡ್ಡಿನೊಳಗೆ ಮುನ್ನೂರು ಬಾಯಿಗಳು ತೆರೆದಿದ್ದವು, ರೆಕ್ಕೆಗಳು ಜೋತಿದ್ದವು. ಈಗಲೂ ಮಧ್ಯಾಹ್ನ ಕರೆಂಟು ಹೋದರೆ ಆ ಸದ್ದು ಕಿವಿಯಲ್ಲಿ ಶುರುವಾಗುತ್ತದೆ. ಕೂಗಲ್ಲ, ಬರೀ ಉಸಿರು. ನೋಡುತ್ತಿದ್ದಂತೆ ನಾಲ್ಕು ಕೋಳಿ ಹಾಗೇ ಪಕ್ಕಕ್ಕೆ ಮಲಗಿದವು.

"ಏನಪ್ಪಾ ಬಿಎಸ್ಸಿ," ಎಂದರು ಭಾವ ಮೆಲ್ಲಗೆ, "ತುಕ್ಕು ತಡೀತೈತೆ ಅಂದಿದ್ದೆ."

ಅಷ್ಟರಲ್ಲಿ ಅಂಗಳದಿಂದ ಅಕ್ಕ ಕೂಗಿದಳು: "ತಮ್ಮಾ, ಬಂದು ನೋಡೋ. ಹುಣಸೆಹಣ್ಣು ಮುಟ್ಟಿಸಿಲ್ಲ, ಹಂಡೆ ಒಳಗೆ ಹೆಂಗೆ ಥಳಥಳ ಅಂತೈತೆ."

ಕೋಳಿ ಸಾಯುವಾಗ ಇವಳದೊಂದು ಹಂಡೆ ಎಂದುಕೊಂಡೇ ಹೋಗಿ ಬಗ್ಗಿದೆ. ತಳದಲ್ಲಿ ನನ್ನ ಮುಖ ಮೀಸೆಸಮೇತ ಕಂಡಿತು. ವಿಟಮಿನ್ ಸಿ ಅಂದರೆ ಹುಳಿ, ತಾಮ್ರವನ್ನು ಬೆಳಗುತ್ತದೆ; ತಾಮ್ರ ತಾಗಿದರೆ ತಾನೂ ಕೆಟ್ಟುಹೋಗುತ್ತದೆ. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ನನಗೆ ಪೂರ್ತಿ ಅಂಕ ಬಂದಿತ್ತು. ಮೂರು ದಿನದ ಪುಡಿ ಹಂಡೆಯ ಪಾಲಾಗಿತ್ತು.

"ಹಂಡೆ ಬ್ಯಾಡಕ್ಕಾ, ಬಿಸಿಲಿಗೆ ಕಾಯ್ತೈತೆ," ಎಂದು ಸುಳ್ಳು ಹೇಳಿ, ಉಳಿದ ಪುಡಿಯನ್ನು ಮಣ್ಣಿನ ಗಡಿಗೆಗಳ ತಣ್ಣೀರಿಗೆ ಬೆರೆಸಿ ಹಾಕಿದೆ. ಭಾವ ಗೋಣಿಚೀಲ ನೆನೆಸಿ ಶೀಟಿನ ಮೇಲೆ ಹಾಸಿದರು. ಕೋಳಿಗಳು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಉಸಿರುಗಟ್ಟದಂತೆ ನಾನು ಬನಿಯನ್ನಿನಲ್ಲಿ, ಮದುವಣಗಿತ್ತಿಯ ಹಾಗೆ ಒಂದೊಂದೇ ಹೆಜ್ಜೆಯಿಟ್ಟು ಅವುಗಳ ನಡುವೆ ಓಡಾಡಿದೆ. ಜೋರಾಗಿ ನಡೆದರೆ ಗಾಬರಿಗೇ ಸಾಯುತ್ತವೆ. ನಾಲ್ಕು ಗಂಟೆ ಹೊತ್ತು ಹಾಗೆ ನಡೆದಿದ್ದೇನೆ. ಒಂದು ಕೋಳಿ ನನ್ನ ಪಾದದ ಮೇಲೇ ಕೂತು, ಇನ್ನೇನು ಮಾಡ್ತೀಯೋ ಮಾಡು ಎಂಬಂತೆ ಮುಖ ನೋಡಿತು. ಸಂಜೆ ಗಾಳಿ ಬಂತು. ಹನ್ನೊಂದು ಹೋದವು, ಉಳಿದವು ಉಳಿದವು.

ಭಾವ ಮತ್ತೆ ತಕ್ಕಡಿ ಹಿಡಿಯಲಿಲ್ಲ. "ನನ್ನ ಭಾಮೈದನ ಪುಡಿ ಉಳಿಸ್ತು" ಎಂದು ಊರೆಲ್ಲ ಹೇಳಿಕೊಂಡು ತಿರುಗಿದರು. ಆ ಹೊಗಳಿಕೆಯನ್ನು ನಾನು ಇಷ್ಟು ವರ್ಷ ಬ್ರಾಯ್ಲರಿನಂತೆ ಕೂತು ತಿಂದೆ.

ಮೊನ್ನೆ ಬಾಟಲಿ ಕೈಯಲ್ಲಿ ಹಿಡಿದೇ ಅಕ್ಕನಿಗೆ ಫೋನು ಮಾಡಿದೆ. "ಅಕ್ಕಾ, ಅವತ್ತು ನಾನು ಸುಳ್ಳು ಹೇಳಿದ್ದೆ. ಆ ಪುಡಿ ಕೆಡಿಸಿದ್ದು ಹಂಡೆ. ನನಗೆ ಗೊತ್ತಿರಬೇಕಿತ್ತು."

"ಗೊತ್ತು ಕಣೋ," ಎಂದಳು. "ಹಂಡೆ ಉಜ್ಜಿದ ಹುಣಸೆಹಣ್ಣನ್ನ ಯಾರಾದ್ರೂ ಸಾರಿಗೆ ಹಾಕ್ತಾರಾ? ಹಂಡೆ ಬೆಳಗಿದ್ದು ನೋಡಿದ ಕೂಡ್ಲೇ ತಿಳೀತು. ಅದಕ್ಕೇ ನಿನ್ನ ಕರೆದಿದ್ದು."

"ಹಂಗಂತ ಹೇಳಬಾರದಿತ್ತಾ?"

"ನಿಮ್ಮ ಭಾವನ ಮುಂದೆ ನಿನ್ನ ಮರ್ಯಾದಿ ಹೋಗ್ತಿತ್ತು. ಅದಕ್ಕೇ ಹಂಡೆ ಹೊಗಳಿದೆ. ನೀನಾಗೇ ಹೇಳ್ತಿ ಅಂತ ಕಾದೆ. ಭಾಳ ತಡ ಮಾಡ್ದೆ."

ಉತ್ತರ ಕೊಡಲೆಂದು ಬಾಯಿ ತೆರೆದೆ. ಬಾಯಿ ಮಾತ್ರ ತೆರೆದೇ ಇತ್ತು, ಆ ಮಧ್ಯಾಹ್ನದ ಕೋಳಿಗಳ ಹಾಗೆ. ಹೆಂಡತಿ ಒಂದು ಗಳಿಗೆ ನೋಡಿದಳು. ಆಮೇಲೆ ಸ್ಟೀಲ್ ಲೋಟದಲ್ಲಿ ಬೇರೆ ನಿಂಬೆಹಣ್ಣು ಹಿಂಡಿ, ನೀರು ಬೆರೆಸಿ ನನ್ನ ಕೈಗೆ ಕೊಟ್ಟಳು.