ಗೋಡೆಗೆ ಮುಖ ಮಾಡಿದವಳು

“ಅಮ್ಮ, ಫೋಟೋ ತಾತನ ಮನೆ ಅಜ್ಜಿ ಎಲ್ಲಾ ಫೋಟೋದಲ್ಲೂ ಗೋಡೆ ಕಡೆ ತಿರುಗಿ ನಿಂತಿದ್ದಾರಲ್ಲ, ತಾತನ ಜೊತೆ ಟೂ ಬಿಟ್ಟಿದ್ರಾ?”

ಮಗಳನ್ನು ಕೆಳಮನೆಯ ಮುದುಕರ ಬಳಿ ಬಿಟ್ಟು, ಬಟ್ಟೆ ಒಣಹಾಕಿ ಕರೆದೊಯ್ಯಲು ಬಂದಿದ್ದ ತಾಯಿ ಅವಳ ಪಕ್ಕ ಕುಳಿತು ನೋಡಿದಳು. ಮೇಜಿನ ತುಂಬ ಚಿತ್ರಗಳು ಹರಡಿದ್ದವು.

ಮುದುಕರು ನಕ್ಕರು. “ಟೂ ಅಲ್ಲ ಪುಟ್ಟಿ, ಅಳತೆ.”

ಕೆಡವಲಿರುವ ಕಟ್ಟಡಗಳ ಚಿತ್ರ ತೆಗೆದು ಸರ್ಕಾರಿ ಕಚೇರಿಯ ದಾಖಲೆಗೆ ಕೊಡುವುದು ಅವರು ಮೂವತ್ತು ವರ್ಷ ಮಾಡಿದ ಕೆಲಸ. ಬರಿಯ ಕೋಣೆಯ ಚಿತ್ರದಲ್ಲಿ ಬಾಗಿಲು ಎಷ್ಟೆತ್ತರ, ಸೂರು ಎಷ್ಟು ಮೇಲೆ ಎಂದು ತಿಳಿಯುವುದಿಲ್ಲ; ಒಬ್ಬ ಮನುಷ್ಯ ನಿಂತರೆ ಕೋಣೆಗೆ ಅಳತೆ ಸಿಗುತ್ತದೆ. ಮುಖ ಕಂಡರೆ ನೋಡುವವರ ಕಣ್ಣು ಅಲ್ಲೇ ನಿಂತುಬಿಡುತ್ತದೆಂದು ಕಚೇರಿಯವರು ಬೆನ್ನನ್ನೇ ಕೇಳುತ್ತಿದ್ದರು. ಬೇರೆಯವರನ್ನು ಹುಡುಕುವುದೇಕೆಂದು ಮುದುಕರು ತಮ್ಮ ಹೆಂಡತಿಯನ್ನೇ ನಿಲ್ಲಿಸಿದರು. ಆಕೆಯ ಎತ್ತರ ಐದಡಿ ಎರಡಂಗುಲ. ಗಿರಣಿಯ ಗೋದಾಮು, ಮುಚ್ಚಿದ ಆಸ್ಪತ್ರೆ, ಯಾರದೋ ಮಲಗುವ ಕೋಣೆ, ಎಲ್ಲೆಡೆ ಅದೇ ಜಡೆ, ಅದೇ ತುಸು ಇಳಿದ ಎಡಭುಜ. ಆ ಕಟ್ಟಡಗಳು ಹೋದವು. ಆಕೆ ಹೋಗಿಯೂ ಎಂಟು ತಿಂಗಳಾಗಿತ್ತು.

“ಪ್ರತಿ ಸಲ ಕೇಳೋಳು, ‘ಆಯ್ತಾ, ತಿರುಗ್ಲಾ?’ ಅಂತ. ನಾನು ‘ಇರೇ, ಇನ್ನೊಂದು’ ಅನ್ನೋನು. ‘ನಿಮಗೆ ನನಗಿಂತ ಗೋಡೆ ಮೇಲೇ ಪ್ರೀತಿ’ ಅಂತ ಬೈಯೋಳು.”

“ಮುಖ ಕಾಣೋ ಫೋಟೋ ಒಂದೂ ಇಲ್ವಾ ಅಂಕಲ್?”

“ಮದುವೇದು ಇದೆ. ಆ ಹುಡುಗಿ ಬೇರೆ ಕಣಮ್ಮ. ನನ್ನ ಜೊತೆ ಮುದುಕಿ ಆದೋಳು ಬೇರೆ.” ಅವರು ಚಿತ್ರಗಳನ್ನು ಜೋಡಿಸಿ, ಅಂಚು ಸರಿಮಾಡಿ, ಮತ್ತೆ ಹರಡಿದರು. “ಈಗ ಕನಸಲ್ಲೂ ಬೆನ್ನೇ ಬರುತ್ತೆ. ಹಾಡುಹಗಲು ಅಡುಗೆಮನೆ ಬಾಗಿಲಲ್ಲಿ ನಿಂತ ಹಾಗಾಗುತ್ತೆ, ಆಗಲೂ ಬೆನ್ನೇ. ಮುಖ ದಿನದಿನಕ್ಕೂ ಅಳಿಸಿಹೋಗ್ತಿದೆ. ಜ್ಞಾಪಿಸ್ಕೊಳ್ಳೋಕೆ ಹೋದ್ರೆ ಗೋಡೆ ಸಿಗುತ್ತೆ.”

ತಾಯಿ ಅಡುಗೆಮನೆಯ ಕಡೆ ನೋಡಲಿಲ್ಲ. ಮೇಲೆ ತನ್ನ ಮನೆಯಲ್ಲಿ ಹಾಲು ಕಾಯಿಸಬೇಕಿತ್ತು. ಮಗಳ ಕೈಹಿಡಿದು ಎದ್ದಳು.

ಹೊಸ್ತಿಲ ಬಳಿ ಅವರು ತಡೆದರು. ಬಾಗಿಲ ಚೌಕಟ್ಟಿಗೂ ಅವಳ ನೆತ್ತಿಗೂ ನಡುವಿನ ಜಾಗವನ್ನು ಕಣ್ಣಲ್ಲೇ ಅಳೆದರು.

“ನೀನೂ ಅಷ್ಟೇ ಎತ್ತರ ಇದೀಯಮ್ಮ. ತಪ್ಪು ತಿಳ್ಕೋಬೇಡ. ಅಡುಗೆಮನೆ ಬಾಗಿಲಲ್ಲಿ ಒಳಗಡೆ ಮುಖ ಮಾಡಿ ಒಂದು ನಿಮಿಷ ನಿಂತ್ಕೋತೀಯಾ? ಕ್ಯಾಮೆರಾ ಏನೂ ಬೇಡ. ‘ತಿರುಗ್ಲಾ’ ಅಂತ ಒಂದು ಸಲ ಕೇಳು, ಸಾಕು. ಈ ಸಲ ತಿರುಗು ಅಂತೀನಿ.”